ಎಂಜಿನ್ ಒಂದೇ, ಕಿಸೆ ಬೇರೆ

ಮೋಟಾರು ರೇಸಿಂಗ್‌ನ ವೆಚ್ಚ ತಗ್ಗಿಸಲು ಎಲ್ಲ ತಂಡಗಳಿಗೂ ಒಂದೇ ಎಂಜಿನ್ ಕೊಡಬೇಕೆಂಬ ಸೂತ್ರ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಅದರಿಂದ ಗೆದ್ದವರು ಯಾರು, ಸೋತವರು ಯಾರು?

2008ರ ಡಿಸೆಂಬರ್ 5ರಂದು ಜಪಾನಿನ ಹೊಂಡಾ ಕಂಪನಿ ಫಾರ್ಮುಲಾ ಒನ್ ರೇಸಿಂಗ್‌ನಿಂದ ಹೊರನಡೆಯುವುದಾಗಿ ಪ್ರಕಟಿಸಿತು. ಅಮೆರಿಕದ ಬ್ಯಾಂಕುಗಳು ಕುಸಿದು, ಜಗತ್ತಿನ ವಾಹನೋದ್ಯಮವೇ ತತ್ತರಿಸುತ್ತಿದ್ದ ಕಾಲವದು. ಅದೇ ದಿನಗಳಲ್ಲಿ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ, ಅಂದರೆ ಎಫ್‌ಐಎ, ಎಲ್ಲ ತಂಡಗಳ ಮುಂದೆ ಒಂದು ಪ್ರಸ್ತಾವ ಇಟ್ಟಿತು. ಇಂಗ್ಲೆಂಡಿನ ಕಾಸ್ವರ್ತ್ ಸಂಸ್ಥೆ ತಯಾರಿಸುವ ಒಂದೇ ನಮೂನೆಯ ಎಂಜಿನನ್ನು ಬೇಕಾದವರು ಕಡಿಮೆ ದರಕ್ಕೆ ಪಡೆಯಬಹುದು ಎಂಬುದು ಅದರ ತಿರುಳು. ಎಂಜಿನ್ ತಯಾರಿಕೆಯೇ ಖರ್ಚಿನ ಮೂಲ. ಆ ಮೂಲವನ್ನು ಕತ್ತರಿಸಿದರೆ ಕ್ರೀಡೆ ಉಳಿಯುತ್ತದೆ ಎಂಬುದು ಒಕ್ಕೂಟದ ಅಂದಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅವರ ತರ್ಕವಾಗಿತ್ತು.

ತರ್ಕ ಮೇಲ್ನೋಟಕ್ಕೆ ಸರಳ. ಆದರೆ ಆ ಬಳಿಕದ ವರ್ಷಗಳು ಕಲಿಸಿದ ಪಾಠ ಅಷ್ಟು ಸರಳವಾಗಿಲ್ಲ. ಈ ಪಾಠ ಯೂರೋಪಿನ ಸಿರಿವಂತರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಫಾರ್ಮುಲಾ ಒನ್‌ನಲ್ಲಿ ತಂಡ ಕಟ್ಟಿ ಕಳೆದುಕೊಂಡವರು ಬೆಂಗಳೂರಿನ ಉದ್ಯಮಿ. ಅದರ ಹೊಸ್ತಿಲವರೆಗೆ ಹೋದವರು ಬೆಂಗಳೂರಿನ ಸೋದರರು. ರೇಸ್ ಕಾರು ಕಟ್ಟುವ ಕನಸು ಹೊತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರುವ ಹುಡುಗ ಹುಡುಗಿಯರು ಚಿಕ್ಕಬಳ್ಳಾಪುರ, ಚಿಂತಾಮಣಿಗಳಲ್ಲೂ ಇದ್ದಾರೆ. ಏಕರೂಪದ ಎಂಜಿನ್ ಇವರಲ್ಲಿ ಯಾರಿಗೆ ಏನು ಕೊಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಕಾಸ್ವರ್ತ್ ಕಲಿಸಿದ ಪಾಠ

ಮೋಸ್ಲಿ ಅವರ ಪ್ರಸ್ತಾವಕ್ಕೆ ಮೊದಲು ಸಿಡಿದೆದ್ದದ್ದು ಫೆರಾರಿ. ತಂತ್ರಜ್ಞಾನದ ಪೈಪೋಟಿಯೇ ಇಲ್ಲದ ರೇಸಿನಲ್ಲಿ ತಾನು ಮುಂದುವರಿಯಬೇಕೇ ಎಂದು ಮರುಚಿಂತನೆ ನಡೆಸುವುದಾಗಿ ಅದು 2008ರ ಅಕ್ಟೋಬರ್‌ನಲ್ಲೇ ಎಚ್ಚರಿಸಿತ್ತು. ಕೊನೆಗೆ ಕಡ್ಡಾಯದ ಮಾತು ಬಿದ್ದುಹೋಯಿತು. ಸ್ವಂತ ಎಂಜಿನ್ ಇಲ್ಲದ ತಂಡಗಳಿಗೆ 2010ರಿಂದ ವರ್ಷಕ್ಕೆ 50 ಲಕ್ಷ ಯೂರೋಗಿಂತ ಕಡಿಮೆ ದರದಲ್ಲಿ ಎಂಜಿನ್ ಒದಗಿಸಬೇಕೆಂಬ ಒಪ್ಪಂದ ಆಯಿತು. ಅದರ ಜೊತೆಗೆ 2009ರಲ್ಲಿ ತಂಡವೊಂದರ ವಾರ್ಷಿಕ ಖರ್ಚಿಗೆ 4 ಕೋಟಿ ಪೌಂಡುಗಳ ಮಿತಿ ಹೇರುವ ಆಲೋಚನೆಯನ್ನೂ ಮೋಸ್ಲಿ ಮುಂದಿಟ್ಟರು. ದೊಡ್ಡ ತಂಡಗಳು ಬೇರೆಯೇ ಲೀಗ್ ಕಟ್ಟುವ ಬೆದರಿಕೆ ಹಾಕಿದ ಮೇಲೆ ಆ ಮಿತಿಯೂ ಕೈಬಿಟ್ಟುಹೋಯಿತು.

ಮಿತಿ ಬರುತ್ತದೆ ಎಂದು ನಂಬಿ ಅರ್ಜಿ ಹಾಕಿದ್ದ ಸಣ್ಣವರ ಕೈಯಲ್ಲಿ ಉಳಿದದ್ದು ಕಾಸ್ವರ್ತ್ ಎಂಜಿನ್ ಮಾತ್ರ. 2010ರಲ್ಲಿ ಲೋಟಸ್, ವರ್ಜಿನ್ ಮತ್ತು ಸ್ಪೇನಿನ ಎಚ್‌ಆರ್‌ಟಿ ಎಂಬ ಮೂರು ಹೊಸ ತಂಡಗಳು ಆ ಎಂಜಿನ್ ಹೊತ್ತು ಟ್ರ್ಯಾಕಿಗೆ ಇಳಿದವು. ಭಾರತದ ಕರುಣ್ ಚಂದೋಕ್ 2010ರಲ್ಲಿ, ನಾರಾಯಣ್ ಕಾರ್ತಿಕೇಯನ್ 2011 ಮತ್ತು 2012ರಲ್ಲಿ ಎಚ್‌ಆರ್‌ಟಿಯ ಕಾರಿನಲ್ಲಿ ಓಡಿದರು. ಅಗ್ಗದ ಎಂಜಿನ್ ಇರದಿದ್ದರೆ ಆ ತಂಡವೂ ಇರುತ್ತಿರಲಿಲ್ಲ. ಬಹುಶಃ ನಮ್ಮವರಿಗೆ ಆ ಅವಕಾಶವೂ ಸಿಗುತ್ತಿರಲಿಲ್ಲ. ಇದು ಏಕರೂಪದ ಎಂಜಿನ್‌ಗೆ ಸಲ್ಲಬೇಕಾದ ಶ್ರೇಯ.

ಆದರೆ ಫಲಿತಾಂಶ ನೋಡಿ. ಕಾಸ್ವರ್ತ್ ಎಂಜಿನ್ ಬಳಸಿದಷ್ಟು ಕಾಲ ಆ ಮೂರೂ ತಂಡಗಳು ಒಂದೇ ಒಂದು ಅಂಕ ಗಳಿಸಲಿಲ್ಲ. ಅದೇ 2010ರಲ್ಲಿ ಅದೇ ಎಂಜಿನ್ ಕೂರಿಸಿಕೊಂಡ ಹಳೆಯ ತಂಡ ವಿಲಿಯಮ್ಸ್ 69 ಅಂಕ ಗಳಿಸಿ ಆರನೆಯ ಸ್ಥಾನ ಪಡೆಯಿತು. ಬ್ರೆಜಿಲ್‌ನಲ್ಲಿ ಅದರ ಚಾಲಕ ನಿಕೊ ಹುಲ್ಕೆನ್‌ಬರ್ಗ್ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ರೇಸ್ ಆರಂಭಿಸಿದರು. ಎಂಜಿನ್ ಒಂದೇ. ವಿಲಿಯಮ್ಸ್ ಬಳಿ ಗಾಳಿ ಸುರಂಗವಿತ್ತು, ದಶಕಗಳ ಅನುಭವವಿತ್ತು, ನೂರಾರು ತಂತ್ರಜ್ಞರಿದ್ದರು. ಹೊಸಬರ ಬಳಿ ಇವು ಇರಲಿಲ್ಲ. ಎಚ್‌ಆರ್‌ಟಿ 2012ರ ಕೊನೆಗೆ ಮುಚ್ಚಿತು. ಕೇಟರ್‌ಹ್ಯಾಮ್ ಎಂದು ಹೆಸರು ಬದಲಿಸಿಕೊಂಡ ಲೋಟಸ್ 2014ರಲ್ಲಿ ಮುಗಿಯಿತು. ವರ್ಜಿನ್ ಮಾರುಸಿಯಾ ಆಗಿ, ಮೇನರ್ ಆಗಿ, 2016ರ ಋತುವಿನ ಬಳಿಕ ಕಣ್ಮುಚ್ಚಿತು.

765, 173, 138, 1

ಇದು ಹೊಸಬರ ಅನನುಭವದ ಕಥೆ ಎಂದು ಯಾರಾದರೂ ವಾದಿಸಬಹುದು. ಅವರು 2016ರ ಅಂಕಪಟ್ಟಿ ನೋಡಲಿ. ಆ ವರ್ಷ ಮರ್ಸಿಡಿಸ್ ಕಂಪನಿಯ ಎಂಜಿನನ್ನು ನಾಲ್ಕು ತಂಡಗಳು ಬಳಸಿದವು. ಮರ್ಸಿಡಿಸ್ ತಂಡ 765 ಅಂಕ ಗಳಿಸಿತು. ಫೋರ್ಸ್ ಇಂಡಿಯಾ 173, ವಿಲಿಯಮ್ಸ್ 138, ಮೇನರ್ 1. ಮೊದಲನೆಯ ತಂಡಕ್ಕೂ ಕೊನೆಯ ತಂಡಕ್ಕೂ ನಡುವಿನ ಈ ಕಂದಕವನ್ನು ಎಂಜಿನ್‌ನಿಂದ ವಿವರಿಸಲಾಗದು.

ಈ ನಾಲ್ವರಲ್ಲಿ ನಮ್ಮ ಗಮನ ಸೆಳೆಯಬೇಕಾದದ್ದು ಫೋರ್ಸ್ ಇಂಡಿಯಾ. ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ ಅವರು ನೆದರ್ಲೆಂಡ್ಸ್‌ನ ಪಾಲುದಾರರೊಂದಿಗೆ ಸ್ಪೈಕರ್ ತಂಡವನ್ನು 2007ರಲ್ಲಿ ಖರೀದಿಸಿ ಕಟ್ಟಿದ ತಂಡವಿದು. ಮಲ್ಯ ಅವರ ಉಳಿದ ವ್ಯವಹಾರಗಳ ಬಗ್ಗೆ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೆ ತಂಡವಾಗಿ ಫೋರ್ಸ್ ಇಂಡಿಯಾ ಮಿತವ್ಯಯಕ್ಕೆ ಮಾದರಿಯಾಗಿತ್ತು. ಎಂಜಿನ್ ತಯಾರಿಸುವ ಗೊಡವೆಗೆ ಹೋಗದೆ, 2008ರಲ್ಲಿ ಫೆರಾರಿಯಿಂದಲೂ 2009ರಿಂದ ಮರ್ಸಿಡಿಸ್‌ನಿಂದಲೂ ಖರೀದಿಸಿತು. ಸುಮಾರು 400 ನೌಕರರನ್ನು ಇಟ್ಟುಕೊಂಡೇ 2016 ಮತ್ತು 2017ರಲ್ಲಿ ಸತತವಾಗಿ ನಾಲ್ಕನೆಯ ಸ್ಥಾನ ಪಡೆಯಿತು.

ಇಷ್ಟಾಗಿಯೂ 2018ರ ಜುಲೈನಲ್ಲಿ ತಂಡ ಲಂಡನ್ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ವಶವಾಯಿತು. ಹಣ ಬರಬೇಕಿದ್ದವರ ಪಟ್ಟಿಯಲ್ಲಿ ಅದರ ಚಾಲಕ ಸೆರ್ಗಿಯೊ ಪೆರೆಜ್ ಇದ್ದರು; ಎಂಜಿನ್ ಕೊಟ್ಟ ಮರ್ಸಿಡಿಸ್ ಕೂಡ ಇತ್ತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಅದನ್ನು ಕೊಂಡಿತು. ಇಂದು ಆ ತಂಡದ ಹೆಸರು ಆಸ್ಟನ್ ಮಾರ್ಟಿನ್.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹ. 2008ರಲ್ಲಿ 50 ಲಕ್ಷ ಯೂರೋ ಎಂದು ಮಾತು ಕೊಟ್ಟಿದ್ದ ಎಂಜಿನ್ ದರ ಮುಂದೆ ಏನಾಯಿತು? 2014ರಲ್ಲಿ ನಿಯಮ ಬದಲಿಸಿ, ಹಳೆಯ ವಿ8 ಎಂಜಿನ್‌ಗಳ ಬದಲಿಗೆ ವಿದ್ಯುತ್ ಮೋಟಾರುಗಳ ನೆರವಿನ 1.6 ಲೀಟರ್ ಟರ್ಬೊ ವಿ6 ಎಂಜಿನ್‌ಗಳನ್ನು ತಂದರು. ದರ ಹಲವು ಪಟ್ಟು ಏರಿತು. 2015ರಲ್ಲಿ ಎಫ್‌ಐಎ ಎಂಜಿನ್ ದರಕ್ಕೆ ಮಿತಿ ಹಾಕಲು ಹೊರಟಾಗ ಫೆರಾರಿ ತನಗಿದ್ದ ವಿಶೇಷ ವೀಟೊ ಅಧಿಕಾರ ಚಲಾಯಿಸಿತು. ಸ್ವತಂತ್ರ ತಯಾರಕರಿಂದ ಅಗ್ಗದ ಎಂಜಿನ್ ಮಾಡಿಸುವ ಪ್ರಸ್ತಾವವೂ ಅದೇ ವರ್ಷ ಬಿದ್ದುಹೋಯಿತು. ಫೋರ್ಸ್ ಇಂಡಿಯಾ ಮತ್ತು ಸೌಬರ್ ತಂಡಗಳು ಹಣ ಹಂಚಿಕೆ ಹಾಗೂ ಅಧಿಕಾರ ಹಂಚಿಕೆ ಅನ್ಯಾಯದ್ದೆಂದು ಯೂರೋಪಿಯನ್ ಆಯೋಗದ ಮೆಟ್ಟಿಲು ಹತ್ತಿದ್ದೂ 2015ರಲ್ಲೇ. ಒಮ್ಮೆ ತಗ್ಗಿದ ದರ ಎಂದೆಂದಿಗೂ ತಗ್ಗಿರುತ್ತದೆ ಎಂಬ ಖಾತರಿ ಯಾವ ಏಕರೂಪ ಸೂತ್ರದಲ್ಲೂ ಇಲ್ಲ.

ಖರ್ಚು ಸಾಯುವುದಿಲ್ಲ, ಜಾಗ ಬದಲಿಸುತ್ತದೆ

ಕಾರಣ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರನ್ನು ಕೇಳಿದರೆ ಸಾಕು. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದೇ ಬಗೆಯ ಚರಕ ಇರಬಹುದು. ಆದರೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಒಳ್ಳೆಯ ಲಾಟಿಗೆ ಬೆಲೆ ಕೂಗಬಲ್ಲವನು ಯಾರು, ನೂಲಿನ ಬೆಲೆ ಬಿದ್ದಾಗ ನಾಲ್ಕು ದಿನ ಕಾಯಬಲ್ಲವನು ಯಾರು ಎಂಬುದರ ಮೇಲೆ ಲಾಭ ನಷ್ಟ ನಿಂತಿದೆ. ಯಂತ್ರ ಒಂದೇ ಆದ ಮಾತ್ರಕ್ಕೆ ಬಂಡವಾಳ ಒಂದೇ ಆಗುವುದಿಲ್ಲ.

ರೇಸಿಂಗ್‌ನಲ್ಲೂ ಆಗುವುದು ಇದೇ. ಎಂಜಿನ್‌ಗೆ ಹಣ ಸುರಿಯುವ ದಾರಿ ಮುಚ್ಚಿದರೆ ಸಿರಿವಂತ ತಂಡ ಆ ಹಣವನ್ನು ಬ್ಯಾಂಕಿನಲ್ಲಿ ಇಡುವುದಿಲ್ಲ. ಗಾಳಿ ಸುರಂಗಕ್ಕೆ, ಕಂಪ್ಯೂಟರ್ ಲೆಕ್ಕಾಚಾರಕ್ಕೆ, ರೆಕ್ಕೆಯ ಅಂಚನ್ನು ಕೂದಲೆಳೆಯಷ್ಟು ಬದಲಿಸಿ ನೋಡುವ ನೂರಾರು ಪ್ರಯೋಗಗಳಿಗೆ ಅದನ್ನು ತಿರುಗಿಸುತ್ತದೆ. ಎಂಜಿನ್‌ನಲ್ಲಿ ಗಳಿಸಬಹುದಾಗಿದ್ದ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಬೇರೆಡೆ, ಇನ್ನೂ ಹೆಚ್ಚು ಖರ್ಚು ಮಾಡಿ ಗಳಿಸುತ್ತದೆ.

ಹಾಗಿದ್ದರೆ ಎಲ್ಲರಿಗೂ ಒಂದೇ ಎಂಜಿನ್ ಎಂಬುದು ಎಂದೂ ಫಲಿಸಿಲ್ಲವೇ? ಫಲಿಸಿದೆ. ಫೋರ್ಡ್ ಕಂಪನಿಯ ಹಣದಿಂದ ಅದೇ ಕಾಸ್ವರ್ತ್ ತಯಾರಿಸಿದ ಡಿಎಫ್‌ವಿ ಎಂಜಿನ್ 1967ರಲ್ಲಿ ಡಚ್ ಗ್ರ್ಯಾನ್ ಪ್ರಿಯಲ್ಲಿ ಓಡಿದ ಮೊದಲ ರೇಸನ್ನೇ ಗೆದ್ದಿತು. ಮರುವರ್ಷದಿಂದ ಅದು ಬೇರೆ ತಂಡಗಳಿಗೂ ದೊರೆಯಿತು. 1983ರವರೆಗೆ ಆ ಎಂಜಿನ್ ಗೆದ್ದ ರೇಸುಗಳು 155. ಸಣ್ಣ ಗ್ಯಾರೇಜಿನಿಂದ ಎದ್ದು ಬಂದ ತಂಡಗಳು ವಿಶ್ವ ಚಾಂಪಿಯನ್ ಆದದ್ದು ಆ ಕಾಲದಲ್ಲಿ. ಆದರೆ ಅದನ್ನು ಯಾವ ಒಕ್ಕೂಟವೂ ಕಡ್ಡಾಯ ಮಾಡಿರಲಿಲ್ಲ. ಅದು ಚೆನ್ನಾಗಿತ್ತು, ಕೈಗೆಟುಕುತ್ತಿತ್ತು, ಆದ್ದರಿಂದ ಎಲ್ಲರೂ ಕೊಂಡರು. ಮಿಗಿಲಾಗಿ, ಕಾರಿನ ಉಳಿದ ಭಾಗಗಳನ್ನು ರೂಪಿಸಲು ಆಗ ಬುದ್ಧಿ ಬೇಕಿತ್ತೇ ಹೊರತು ಇಂದಿನಷ್ಟು ಹಣ ಬೇಕಿರಲಿಲ್ಲ. ಇಂದು ಆ ಎರಡನೆಯ ಸ್ಥಿತಿ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು

ಕೊನೆಗೂ ಫಾರ್ಮುಲಾ ಒನ್ ದಾರಿ ಕಂಡುಕೊಂಡದ್ದು ಯಂತ್ರವನ್ನು ಕಟ್ಟಿಹಾಕಿ ಅಲ್ಲ, ಹಣವನ್ನು ಕಟ್ಟಿಹಾಕಿ. 2021ರಲ್ಲಿ ತಂಡವೊಂದರ ವಾರ್ಷಿಕ ಖರ್ಚಿಗೆ 14.5 ಕೋಟಿ ಡಾಲರ್ ಮಿತಿ ಬಂತು. ಅದು 2022ರಲ್ಲಿ 14 ಕೋಟಿಗೆ, 2023ರಲ್ಲಿ 13.5 ಕೋಟಿಗೆ ಇಳಿಯಿತು. ಬೆಲೆ ಏರಿಕೆ, ರೇಸುಗಳ ಸಂಖ್ಯೆ ಮೊದಲಾದವುಗಳಿಗೆ ತಕ್ಕ ಹೊಂದಾಣಿಕೆ ಬೇರೆ. ಚಾಲಕರ ಸಂಬಳ, ಎಂಜಿನ್ ಖರೀದಿಯಂಥ ಬಾಬತ್ತುಗಳು ಇದರ ಹೊರಗಿವೆ. ಎಂಜಿನ್ ತಯಾರಕರಿಗೆ 2023ರಿಂದ ವರ್ಷಕ್ಕೆ 9.5 ಕೋಟಿ ಡಾಲರ್‌ಗಳ ಪ್ರತ್ಯೇಕ ಮಿತಿ ಬಂತು; 2026ರ ನಿಯಮಗಳಲ್ಲಿ ಅದನ್ನು 13 ಕೋಟಿಗೆ ಏರಿಸಲಾಯಿತು. 2021ರ ಮಿತಿ ಮೀರಿದ ರೆಡ್ ಬುಲ್ ತಂಡಕ್ಕೆ 70 ಲಕ್ಷ ಡಾಲರ್ ದಂಡ ಬಿತ್ತು. ವಾಯುಚಲನ ಪರೀಕ್ಷೆಯ ಅವಧಿಯಲ್ಲೂ ಶೇ 10ರಷ್ಟು ಕಡಿತವಾಯಿತು.

ಪರಿಣಾಮವೇನು? 2024ರಲ್ಲಿ ಮೆಕ್‌ಲಾರೆನ್ 666 ಅಂಕಗಳೊಂದಿಗೆ ತಂಡ ಪ್ರಶಸ್ತಿ ಗೆದ್ದಿತು. ಅದು ಬಳಸಿದ್ದು ಮರ್ಸಿಡಿಸ್‌ನಿಂದ ಖರೀದಿಸಿದ ಎಂಜಿನ್. ಅದೇ ಎಂಜಿನ್ ತಯಾರಿಸಿದ ಮರ್ಸಿಡಿಸ್ ತಂಡ 468 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನಕ್ಕೆ ಸರಿಯಿತು. 2025ರಲ್ಲೂ ಪ್ರಶಸ್ತಿ ಮೆಕ್‌ಲಾರೆನ್ ಪಾಲಾಯಿತು. 2016ರಲ್ಲಿ ಕೊಂಡವರು ತಯಾರಕರ ಹತ್ತಿರಕ್ಕೂ ಸುಳಿಯಲಾಗಲಿಲ್ಲ. 2024ರಲ್ಲಿ ಕೊಂಡವರೇ ತಯಾರಕರನ್ನು ಹಿಂದಿಕ್ಕಿದರು. ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ ಹೆಚ್ಚು ಪರೀಕ್ಷಾ ಅವಧಿ ಕೊಡುವ ನಿಯಮವೂ ಇದಕ್ಕೆ ನೆರವಾಯಿತು ಎನ್ನುವುದನ್ನು ಮರೆಯಬಾರದು. ಹಾಗೆಂದು ಮಿತಿ ಎಲ್ಲವನ್ನೂ ಸರಿಪಡಿಸಿಲ್ಲ. ರೆನೊ ಕಂಪನಿ 2025ರ ಋತುವಿನೊಂದಿಗೆ ಫಾರ್ಮುಲಾ ಒನ್ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿ, ತನ್ನ ಆಲ್ಪೀನ್ ತಂಡಕ್ಕೆ ಮರ್ಸಿಡಿಸ್ ಎಂಜಿನ್ ಕೊಳ್ಳುವ ತೀರ್ಮಾನ ಮಾಡಿತು. ಸರಳವಾದ ವಿ8 ಎಂಜಿನ್‌ಗೆ ಮರಳಬೇಕೆಂಬ ಮಾತನ್ನು ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ 2025ರಲ್ಲಿ ಎತ್ತಿದ್ದಾರೆ. ಚಕ್ರ ಮತ್ತೆ ಎಂಜಿನ್‌ನತ್ತಲೇ ತಿರುಗುತ್ತಿದೆ.

ನಮ್ಮ ಟ್ರ್ಯಾಕುಗಳಲ್ಲಿ

ಶಿಖರದಲ್ಲಿ ಸೋತ ಸೂತ್ರ ಬುಡದಲ್ಲಿ ಗೆದ್ದಿದೆ ಎಂಬುದೂ ಅಷ್ಟೇ ನಿಜ. ಭಾರತದಲ್ಲಿ ಫಾರ್ಮುಲಾ ರೇಸಿಂಗ್ ಬೆಳೆದದ್ದೇ ಏಕರೂಪದ ಎಂಜಿನ್‌ಗಳ ಬಲದಿಂದ. ನಾರಾಯಣ್ ಕಾರ್ತಿಕೇಯನ್ 1992ರಲ್ಲಿ ರೇಸಿಂಗ್ ಆರಂಭಿಸಿದ್ದು ಮಾರುತಿ 800 ಕಾರಿನ ಎಂಜಿನ್ ಕೂರಿಸಿದ ಫಾರ್ಮುಲಾ ಮಾರುತಿಯಲ್ಲಿ. ಮೂಲೆ ಮೂಲೆಯ ಮೆಕ್ಯಾನಿಕ್‌ಗೂ ಗೊತ್ತಿದ್ದ, ಬಿಡಿಭಾಗ ಎಲ್ಲೆಡೆ ಸಿಗುತ್ತಿದ್ದ ಎಂಜಿನ್ ಅದು. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ ಕಾರುಗಳಿಗೂ ಮಾರುತಿ ಎಂಜಿನ್ನೇ ಆಧಾರ. 2023ರಲ್ಲಿ ಆರಂಭವಾದ ಭಾರತೀಯ ಫಾರ್ಮುಲಾ 4 ಸರಣಿಯಲ್ಲೂ ಎಲ್ಲರಿಗೂ ಒಂದೇ ಕಾರು, ಒಂದೇ ಎಂಜಿನ್. ಆದರೆ ಇವು ಹೊರದೇಶದಿಂದ ಬಂದವು. ನಟ ಕಿಚ್ಚ ಸುದೀಪ್ 2024ರಲ್ಲಿ ಬೆಂಗಳೂರು ತಂಡದ ಮಾಲೀಕರಾದ ಇಂಡಿಯನ್ ರೇಸಿಂಗ್ ಲೀಗ್‌ನ ಕ್ರಮವೂ ಇದೇ.

ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸೋದರರು ಫಾರ್ಮುಲಾ 2ರಲ್ಲಿ ಓಡಿದವರು. ಅಲ್ಲಿ 2018ರಿಂದ ಎಲ್ಲ ತಂಡಗಳಿಗೂ ಇಟಲಿಯ ದಲ್ಲಾರ ಕಾರು, ಫ್ರಾನ್ಸಿನ ಮೆಕಾಕ್ರೋಮ್ ಸಂಸ್ಥೆಯ 3.4 ಲೀಟರ್ ಟರ್ಬೊ ಎಂಜಿನ್. ಕುಶ್ 2024ರಲ್ಲಿ ಹಂಗೆರಿಯಲ್ಲೂ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲೂ ಸ್ಪ್ರಿಂಟ್ ರೇಸ್ ಗೆದ್ದರು. ಎಂಜಿನ್ ಒಂದೇ ಆಗಿದ್ದರಿಂದಲೇ ಆ ಗೆಲುವು ಚಾಲಕನ ಕೌಶಲಕ್ಕೆ ಸಂದಿತು ಎಂದು ನಿಸ್ಸಂಶಯವಾಗಿ ಹೇಳಬಹುದು.

ಆದರೆ ಆ ಕಾರಿನ ಆಸನದವರೆಗೆ ತಲುಪುವುದು ಹೇಗೆ? ಫಾರ್ಮುಲಾ 2ರ ಒಂದು ಋತುವಿಗೆ ಹಲವು ಕೋಟಿ ರೂಪಾಯಿ ಬೇಕು. ಹತ್ತು ಹನ್ನೆರಡು ವಯಸ್ಸಿನಲ್ಲೇ ಕಾರ್ಟಿಂಗ್ ಆರಂಭಿಸಿ, ಯೂರೋಪಿನಲ್ಲಿ ವರ್ಷಗಟ್ಟಲೆ ತಂಗಿ, ತಂಡಕ್ಕೆ ಹಣ ಕಟ್ಟಿ ಮೇಲೇರಬೇಕು. ಮೈನಿ ಸೋದರರ ಪ್ರತಿಭೆ ಪ್ರಶ್ನಾತೀತ. ಅವರು ಬೆಂಗಳೂರಿನ ಪ್ರಮುಖ ಕೈಗಾರಿಕೋದ್ಯಮಿ ಕುಟುಂಬದವರು ಎಂಬುದೂ ನಿಜ. ಅಷ್ಟೇ ಪ್ರತಿಭೆಯ ಹುಡುಗನೊಬ್ಬ ಗೌರಿಬಿದನೂರಿನಲ್ಲಿ ಹುಟ್ಟಿದ್ದರೆ ಏಕರೂಪದ ಎಂಜಿನ್ ಅವನನ್ನು ಮೊನಾಕೊಗೆ ಒಯ್ಯುತ್ತಿತ್ತೇ? ದುಡ್ಡೇ ದೊಡ್ಡಪ್ಪ ಎಂಬ ಮಾತು ಇಲ್ಲೂ ಸುಳ್ಳಾಗುವುದಿಲ್ಲ.

ಎಂಜಿನಿಯರನ ಪಾಲು

ಈ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಸೀಲ್ ಹಾಕಿದ ಎಂಜಿನ್ ಚಾಲಕನಿಗೆ ನ್ಯಾಯ ಒದಗಿಸುತ್ತದೆ. ಎಂಜಿನಿಯರನಿಗೆ? ಎಲ್ಲವೂ ಹೊರಗಿನಿಂದ ಪೆಟ್ಟಿಗೆಯಲ್ಲಿ ಬಂದು, ಬಿಚ್ಚಲು ಅನುಮತಿಯೂ ಇಲ್ಲದಿದ್ದರೆ ನಮ್ಮ ತಂತ್ರಜ್ಞರ ಕೆಲಸ ಟಯರ್ ಬದಲಿಸುವುದಕ್ಕೆ, ಸ್ಕ್ರೂ ಬಿಗಿಯುವುದಕ್ಕೆ ಸೀಮಿತವಾಗುತ್ತದೆ. 1930ರ ದಶಕದಲ್ಲೇ ಈ ದೇಶದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿ ಪ್ರಯತ್ನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಅವರು ಬಯಸಿದ್ದು ಕಾರು ಓಡಿಸುವ ದೇಶವನ್ನಷ್ಟೇ ಅಲ್ಲ, ಕಾರು ಕಟ್ಟುವ ದೇಶವನ್ನು.

ಇದಕ್ಕೆ ಪರಿಹಾರ ಏಕರೂಪವನ್ನು ಕೈಬಿಡುವುದಲ್ಲ. ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2007ರಿಂದ ನಡೆಯುತ್ತ ಬಂದಿರುವ ಬಾಹಾ ಸ್ಪರ್ಧೆಯನ್ನು ನೋಡಿ. ಅಲ್ಲಿ ತಂಡಗಳಿಗೆ ದೀರ್ಘ ಕಾಲ ಸಿಕ್ಕಿದ್ದು ಒಂದೇ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್, ಬರೀ 10 ಅಶ್ವಶಕ್ತಿಯದು. ಅದರ ಒಳಗೆ ಕೈಯಾಡಿಸುವಂತಿಲ್ಲ. ಆದರೆ ಚೌಕಟ್ಟು, ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಎಲ್ಲವನ್ನೂ ವಿದ್ಯಾರ್ಥಿಗಳೇ ರೂಪಿಸಬೇಕು. ಖರ್ಚಿನ ಲೆಕ್ಕಕ್ಕೂ ಅಂಕವುಂಟು. ಎಂಜಿನ್ ಒಂದೇ ಎಂಬುದು ಅಲ್ಲಿ ಬುದ್ಧಿಗೆ ಬೀಗವಾಗಲಿಲ್ಲ.

ಗೌರಿಬಿದನೂರಿನಲ್ಲೇ ಇದಕ್ಕೊಂದು ನಿದರ್ಶನವಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು 1970ರ ದಶಕದಲ್ಲಿ ಅಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ಸಾವಿರ ಸರಳ ಆಂಟೆನಾಗಳ ಸಾಲು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಆಂಟೆನಾದಲ್ಲೂ ವಿಶೇಷವೇನಿಲ್ಲ. ಅವುಗಳನ್ನು ಜೋಡಿಸಿ ಆಕಾಶದ ನಕ್ಷೆ ಬರೆದದ್ದರಲ್ಲಿ ವಿಜ್ಞಾನವಿದೆ. ಏಕರೂಪದ ಬಿಡಿಭಾಗ, ಮುಕ್ತ ಜೋಡಣೆ ಎಂಬ ಈ ಸೂತ್ರ ರೇಸಿಂಗ್‌ಗೂ ಸಲ್ಲುತ್ತದೆ.

ಏನಾಗಬೇಕು?

ಭಾರತದ ಸರಣಿಗಳಲ್ಲಿ ಏಕರೂಪದ ಎಂಜಿನ್ ಮುಂದುವರಿಯಲಿ. ಸಾಧ್ಯವಾದಲ್ಲೆಲ್ಲ ಅದು ಇಲ್ಲಿ ತಯಾರಾದ, ಇಲ್ಲಿಯೇ ದುರಸ್ತಿಯಾಗುವ ಎಂಜಿನ್ ಆಗಿರಲಿ. ಅದರ ಜೊತೆಗೆ ಎರಡು ಸಂಗತಿ ಸೇರಬೇಕು. ಒಂದು, ಚಾಲಕನಿಂದ ಒಂದು ಋತುವಿಗೆ ಪಡೆಯುವ ಮೊತ್ತಕ್ಕೆ ಬಹಿರಂಗವಾಗಿ ಪ್ರಕಟಿಸಿದ ಮಿತಿ ಇರಬೇಕು. ಎಂಜಿನ್‌ನ ಅಶ್ವಶಕ್ತಿಯನ್ನು ಸಮನಾಗಿಸಿ ಆಸನದ ಬೆಲೆಯನ್ನು ಬಾಯಿಮಾತಿಗೆ ಬಿಟ್ಟರೆ ಸಮಾನತೆ ಅರ್ಧಕ್ಕೇ ನಿಲ್ಲುತ್ತದೆ. ಎರಡು, ಕಾರಿನ ಒಂದೆರಡು ಭಾಗಗಳನ್ನಾದರೂ, ಖರ್ಚಿಗೆ ಮಿತಿ ಹಾಕಿ, ತಂಡಗಳು ತಾಂತ್ರಿಕ ವಿದ್ಯಾಲಯಗಳ ಜೊತೆ ಸೇರಿ ರೂಪಿಸಲು ಮುಕ್ತವಾಗಿ ಬಿಡಬೇಕು. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯವಿರಲಿ, ರಾಜ್ಯದ ಬೇರಾವುದೇ ಕಾಲೇಜಿರಲಿ, ತನ್ನ ವಿದ್ಯಾರ್ಥಿಗಳು ಮಾಡಿದ ಬಿಡಿಭಾಗ ನಿಜವಾದ ರೇಸಿನಲ್ಲಿ ಓಡುವುದನ್ನು ನೋಡುವ ಅವಕಾಶ ಪಡೆಯಬೇಕು.

ಅಂತರರಾಷ್ಟ್ರೀಯ ದರ್ಜೆಯ ರೇಸ್ ಟ್ರ್ಯಾಕ್ ಇಲ್ಲದ ಕರ್ನಾಟಕಕ್ಕೆ ಇದು ದೂರದ ಮಾತು ಎನಿಸಬಹುದು. ಆದರೆ ಟ್ರ್ಯಾಕ್ ಕಟ್ಟಲು ನೂರಾರು ಕೋಟಿ ಬೇಕು. ನಿಯಮ ತಿದ್ದಲು ಒಂದು ಸಭೆ ಸಾಕು. ಮೋಸ್ಲಿ ಅವರ ಪ್ರಸ್ತಾವ ಸೋತದ್ದು ಎಲ್ಲರಿಗೂ ಒಂದೇ ಎಂಜಿನ್ ಬೇಕೆಂದು ಕೇಳಿದ್ದಕ್ಕಲ್ಲ, ಎಂಜಿನ್ ಒಂದಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬಿದ್ದಕ್ಕೆ. ಆ ನಂಬಿಕೆಗೆ ಬೆಲೆ ತೆತ್ತವರು ಫೆರಾರಿಯಲ್ಲ, ಮರ್ಸಿಡಿಸ್ಸೂ ಅಲ್ಲ. ಅಗ್ಗದ ಎಂಜಿನ್ ನೆಚ್ಚಿ ಕಣಕ್ಕಿಳಿದ ಸಣ್ಣ ತಂಡಗಳು ಮತ್ತು ಅವುಗಳಲ್ಲಿ ದುಡಿಯುತ್ತಿದ್ದ ನೂರಾರು ಕೆಲಸಗಾರರು.